ಕೆಳಗಿನ ಕೈ

ಮೇಸ್ತ್ರಿ ಮೆಟ್ಟಿಲಿನ ತಿರುವನ್ನು ಗೇಣು ಹಾಕಿ ಅಳೆಯುತ್ತಿದ್ದ. ಮನೆ ಸಾಮಾನು ಸಾಗಿಸುವವರ ಚಾಳಿ ಅದು. ಬೀರುವಾಗಲಿ ಹೆಣವಾಗಲಿ, ಗೋಡೆಗೆ ತಗಲಬಾರದು. ಬೆಳಿಗ್ಗೆ ಆಸ್ಪತ್ರೆಯಿಂದ ಹೆಣ ತಂದಾಗಲೇ ಗಾಡಿಯ ಡ್ರೈವರ್, ಮೂರನೇ ಮಹಡಿಗೆ ಯಾಕೆ, ಕೆಳಗೇ ಇಟ್ಟುಕೊಳ್ಳಿ ಎಂದಿದ್ದ. ಮೇಸ್ತ್ರಿ ಕೇಳಿರಲಿಲ್ಲ. "ಜೀವಮಾನವೆಲ್ಲ ಕಂಡವರ ಸಾಮಾನು ಹತ್ತಿಸಿದೋನು. ಒಂದು ಸಲ ಅವನನ್ನ ಹತ್ತಿಸಿದ್ರೆ ನಮ್ಮ ಗಂಟೇನು ಹೋಗುತ್ತೆ?"

ಹತ್ತಿಸುವಾಗ ಸ್ಟ್ರೆಚರಿನ ಕೆಳಗಿನ ಕೈ ಹಿಡಿದವನು ಸತ್ತವನ ಮಗ. ಈಗ ಅವನು ಬಚ್ಚಲಲ್ಲಿ ಕಕ್ಕುತ್ತಿದ್ದ.

ತೀರಿಕೊಂಡವನ ಹೆಂಡತಿ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಎದುರಿಗೆ ಸ್ಟ್ರೆಚರ್ ಮೇಲೆ ಗಂಡ, ಎರಡು ಕೈಯೂ ಎದೆಯ ಮೇಲೆ. ಅದೇ ಅವಳಿಗೆ ಒಗ್ಗುತ್ತಿರಲಿಲ್ಲ. ಕೆಮ್ಮು ಬಂದರೆ, ಸೀನು ಬಂದರೆ, ನಕ್ಕರೂ ಕೂಡ, ಅವನ ಬಲಗೈ ತಾನಾಗಿ ತೊಡೆಸಂದಿಗೆ ಇಳಿದು ಒತ್ತಿ ಹಿಡಿಯುತ್ತಿತ್ತು. ಬಂದವರಲ್ಲಿ ಯಾರೋ ಕೆಮ್ಮಿದರು. ಅವಳ ಕಣ್ಣು ಗಂಡನ ಕೈಗೇ ಹೋಯಿತು. ಬೆರಳು ಅಲ್ಲಾಡಿದ ಹಾಗಾಯಿತು.

"ಪಾಪ, ಅಪ್ಪ ಅಂದ್ರೆ ಪ್ರಾಣ ಬಿಡ್ತಿದ್ದ," ಎಂದಳು ನಾದಿನಿ, ಬಚ್ಚಲ ಕಡೆ ನೋಡಿ.

ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ. "ದುಃಖ ಹೊಟ್ಟೆಗಿಳಿದಿದೆ, ಕಕ್ಕಲಿ ಬಿಡಿ. ಒಂದು ಸೋಡಾ ತರಿಸ್ತೀನಿ."

ಸೋಡಾ ಎಂದದ್ದೇ ಹೆಂಡತಿಯ ಬೆನ್ನು ನೆಟ್ಟಗಾಯಿತು.

*

ಮೊದಲು ಗಂಡನ ತೊಡೆಸಂದಿನ ಆ ಗಂಟು ನಿಂಬೆಹಣ್ಣಿನಷ್ಟಿತ್ತು. ನಿಂತರೆ ಉಬ್ಬುತ್ತಿತ್ತು, ಮಲಗಿದರೆ ಒಳಗೆ ಸರಿಯುತ್ತಿತ್ತು.

"ಒಳಗೆ ಹೋಗುತ್ತಲ್ಲ, ಮತ್ತೇನು?" ಎನ್ನುತ್ತಿದ್ದ ಗಂಡ. "ಬಾಡಿಗೆಗಿರೋನು. ರಾತ್ರಿ ಮನೆಗೆ ಬರ್ತಾನೆ, ಹಗಲು ಹೊರಗೆ ಹೋಗ್ತಾನೆ."

ಅದೇ ವರ್ಷ ನಾದಿನಿಗೂ ಹರ್ನಿಯಾ ಆಗಿತ್ತು, ಮೂರನೇ ಹೆರಿಗೆಯ ನಂತರ, ಹೊಕ್ಕುಳಲ್ಲಿ. ಅವಳು ಆಪರೇಷನ್ ಮಾಡಿಸಿಕೊಂಡು ಬಂದು ಕೇರಿಯವರಿಗೆಲ್ಲ ಹೊಲಿಗೆ ತೋರಿಸಿದ್ದಳು. ಡಾಕ್ಟರು ಹೇಳಿದ್ದನ್ನೂ ಒಪ್ಪಿಸಿದ್ದಳು: ಹೊಟ್ಟೆಯ ಗೋಡೆ ಎಲ್ಲಿ ಸಡಿಲವೋ ಅಲ್ಲಿಂದ ಕರುಳು ಇಣುಕುತ್ತದೆ. ಕೆಲವರಿಗೆ ಹೊಕ್ಕುಳು, ಕೆಲವರಿಗೆ ಹಳೆಯ ಆಪರೇಷನ್ನಿನ ಜಾಗ, ಭಾರ ಎತ್ತುವ ಗಂಡಸರಿಗೆ ಹೆಚ್ಚಾಗಿ ತೊಡೆಸಂದು. ಬಿಡದ ಕೆಮ್ಮಿಗೂ ಬರುತ್ತದೆ, ಕಕ್ಕಸಿನಲ್ಲಿ ತಿಣುಕಿದರೂ ಬರುತ್ತದೆ.

"ನೀವೂ ತೋರಿಸಿ," ಎಂದಿದ್ದಳು ಹೆಂಡತಿ.

"ಅವಳದು ಹೊಕ್ಕುಳು ಕಣೇ. ನನ್ನದನ್ನ ಏನಂತ ಬಿಚ್ಚಿ ತೋರಿಸ್ಲಿ? ನಾಳೆ ಗ್ಯಾಂಗಿನಲ್ಲಿ ನನಗೊಂದು ಹೆಸರಿಡ್ತಾರೆ, ಸಾಯೋ ತನಕ ಅದೇ ಹೆಸರು."

ಅವಳು ಹಾಸಿಗೆಯ ಗಟ್ಟಿ ಬಟ್ಟೆಯಲ್ಲಿ ಪಟ್ಟಿ ಹೊಲಿದುಕೊಟ್ಟಳು. ಅದನ್ನು ಬಿಗಿದುಕೊಂಡು ಅವನು ಮತ್ತೆ ಕೆಳಗಿನ ಕೈಗೇ ನಿಂತ. ಮೆಟ್ಟಿಲಲ್ಲಿ ಸಾಮಾನಿನ ಭಾರವೆಲ್ಲ ಕೆಳಗಿನವನ ಮೇಲೆ. ಗ್ಯಾಂಗಿನಲ್ಲಿ ಅದೇ ಗಂಡಸುತನ, ಅದೇ ಕಿರೀಟ. ಆ ಜಾಗವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ. ಕೊನೆಗೆ ಮಗನಿಗೆ ಕಲಿಸಿದ.

*

ಕಡೆಯ ಸಲ ಅದು ಒಳಗೆ ಹೋಗಲಿಲ್ಲ. ಲಾರಿಯಲ್ಲಿ ಯಾರದೋ ಹಾಸಿಗೆಯ ಮೇಲೆ ಅವನನ್ನು ಅಂಗಾತ ಮಲಗಿಸಿ, ಕಾಲ ಕೆಳಗೆ ಮೂಟೆ ಕೊಟ್ಟು, ವಾಂತಿಗೆ ಗ್ಯಾಸ್ ಎಂದು ಸೋಡಾ ಕುಡಿಸಿ, ಗ್ಯಾಂಗು ಊರೆಲ್ಲ ಸುತ್ತಿ ಸಾಮಾನು ಇಳಿಸಿತು. ಮಲಗಿದರೆ ಸರಿಹೋಗುತ್ತೆ ಎಂದು ಅವನೇ ಹೇಳಿದ್ದನಂತೆ.

"ಗಂಟು ಗಟ್ಟಿಯಾದಾಗಲೇ ಕರ್ಕೊಂಡು ಬರಬೇಕಿತ್ತು," ಎಂದಿದ್ದರು ಡಾಕ್ಟರು. "ಕೆಂಪಗಾಗಿ ನೋವು ಏರ್ತಾ ಇದ್ರೆ, ವಾಂತಿ ಆದ್ರೆ, ಹೂಸು ಕೂಡ ನಿಂತುಹೋದ್ರೆ, ಒಂದು ಗಳಿಗೆ ಕಾಯಬಾರದಮ್ಮ. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತು ಕಪ್ಪಾಗಿಬಿಟ್ಟಿದೆ."

*

ಮಗ ಬಚ್ಚಲಿನಿಂದ ಹೊರಗೆ ಬಂದ. ಮುಖ ಬಿಳಿಚಿ ಬೆವರಿಳಿಯುತ್ತಿತ್ತು.

"ಕೆಳಗೆ ನಾನೇ," ಎಂದ.

ಯಾರೂ ಬೇಡ ಎನ್ನಲಿಲ್ಲ. ಅಪ್ಪನ ಜಾಗ, ಮಗನದಲ್ಲದೆ ಇನ್ಯಾರದು? ಮಸಣಕ್ಕೆ ಒಯ್ಯಲು ಸ್ಟ್ರೆಚರ್ ಎತ್ತಿದರು. ಬಾಗಿಲು ದಾಟಿ ತಿರುವಿಗೆ ಬಂದಾಗ ಮಗನಿಗೆ ಕೆಮ್ಮು ಬಂತು. ಅವನ ಬಲಗೈ ಹಿಡಿಯನ್ನು ಬಿಟ್ಟು ತೊಡೆಸಂದಿಗೆ ಇಳಿಯಿತು. ಸ್ಟ್ರೆಚರ್ ವಾಲಿತು. ಸತ್ತವನ ತಲೆ ಪಕ್ಕಕ್ಕೆ ಹೊರಳಿ, ಮಗನನ್ನೇ ನೋಡುವಂತೆ ನಿಂತಿತು.

"ಕೆಳಗಿಡಿ," ಎಂದಳು ಅವಳು.

"ಅಕ್ಕಾ, ನಡುದಾರೀಲಿ ಇಡೋದಾ?" ಎಂದ ಮೇಸ್ತ್ರಿ.

"ಇಡಿ ಅಂದೆ."

ಇಟ್ಟರು. ಅವಳು ಮೆಟ್ಟಿಲಿಳಿದು ಮಗನ ಎದುರಿಗೆ ನಿಂತಳು. "ಎಷ್ಟು ದಿನದಿಂದ?"

"ಅಮ್ಮಾ, ಎಲ್ಲರೂ ಇದ್ದಾರೆ."

"ಇರಲಿ. ಒಳಗೆ ಹೋಗ್ತಿದೆಯಾ, ಇಲ್ವಾ?"

ಮಗ ಗೋಡೆ ನೋಡಿದ. "ಬೆಳಿಗ್ಗೆ ಹತ್ತಿಸಿದ ಮೇಲೆ ಹೋಗ್ತಿಲ್ಲ."

ಅವಳು ಅಷ್ಟು ಜನರೆದುರು ಕೈಯಿಟ್ಟು ನೋಡಿದಳು. ಕಲ್ಲು. ಮಗ ಹಲ್ಲು ಕಚ್ಚಿ ಮುಖ ತಿರುಗಿಸಿದ. ನಾದಿನಿ ಬಾಯಿಗೆ ಸೆರಗು ಹಿಡಿದುಕೊಂಡಳು.

"ಅಪ್ಪನ್ನ ಕಳಿಸಿ ಬರ್ಲಿ ಅಕ್ಕಾ," ಎಂದ ಮೇಸ್ತ್ರಿ ಮೆತ್ತಗೆ. "ಆಮೇಲೆ ಸ್ವಲ್ಪ ಹೊತ್ತು ಮಲಗಿಸಿದ್ರೆ..."

"ಅವರನ್ನೂ ಮಲಗಿಸಿದ್ರಲ್ಲ."

ಮೇಸ್ತ್ರಿ ದಾರಿ ಬಿಟ್ಟು ಗೋಡೆಗೆ ಸರಿದ.

"ಅಪ್ಪನ್ನ ಹೀಗೆ ಬಿಟ್ಟು ಹೇಗಮ್ಮಾ ಬರ್ಲಿ?" ಎಂದ ಮಗ.

"ಅವರು ಕಾಯ್ತಾರೆ. ಇನ್ನು ಅವರಿಗೇನೂ ಅವಸರ ಇಲ್ಲ. ಆಸ್ಪತ್ರೆಗೆ ನಡಿ."

ಕೆಳಗೆ ಬೀದಿಯಲ್ಲಿದ್ದುದು ಒಂದೇ ಗಾಡಿ. ಡ್ರೈವರ್ ಬೀಡಿ ಎಸೆದು ಎದ್ದ. "ಇದು ಹೆಣದ ಗಾಡಿ ತಾಯಿ. ಬದುಕಿರೋರನ್ನ ಹತ್ತಿಸೋ ಹಾಗಿಲ್ಲ."

"ಈಗ ಹತ್ತಿಸದೇ ಇದ್ರೆ ನಾಳೆ ನಾಡಿದ್ದು ನೀವೇ ಬಂದು ಹತ್ತಿಸ್ಕೋತೀರಿ. ಯಾವುದು ಸಲೀಸು ನೋಡಿ."

ಅವನು ಹಿಂದಿನ ಬಾಗಿಲು ತೆಗೆದ. ಮಗ ತಗಡಿನ ಹಾಸಿನ ಮೇಲೆ ಮೊಣಕಾಲು ಮಡಚಿ ಮಲಗಿದ. ಅವಳು ಪಕ್ಕದಲ್ಲಿ ಕುಕ್ಕರಿಸಿದಳು.

ಸೈರನ್ ಇರಲಿಲ್ಲ. ಮುಂದಿದ್ದ ವಾಹನಗಳು ಮರ್ಯಾದೆಗೆ ಹಾರನ್ ನಿಲ್ಲಿಸಿ ಮೆಲ್ಲಗೆ ಸಾಗಿದವು. ಅಂಗಡಿಯವರು ಎದ್ದು ನಿಂತರು. ಟೋಪಿಯವನೊಬ್ಬ ಟೋಪಿ ತೆಗೆದ.

"ಅಮ್ಮಾ, ನೋಯ್ತಿದೆ," ಎಂದ ಮಗ.

ಅವಳು ಗಾಜನ್ನು ಅಂಗೈಯಿಂದ ಬಡಿದಳು. "ಬದುಕಿದ್ದಾನೆ. ದಾರಿ ಬಿಡಿ. ಬದುಕಿದ್ದಾನೆ."

ಗಾಜಿನಾಚೆ ಮಾತು ಕೇಳಿಸದೆ, ಗೋಳಾಡಿ ಅಳುತ್ತಿದ್ದಾಳೆಂದು ತಿಳಿದು, ರಸ್ತೆಯ ಎರಡೂ ಬದಿಯಲ್ಲಿ ಜನ ತಲೆಯನ್ನು ಇನ್ನೂ ಕೆಳಗೆ ಬಗ್ಗಿಸಿದರು.