ಸಂದರ್ಶಕರ ಕುರ್ಚಿ

ಪಂಕಜಳ ನೀರಿನ ಬಾಟ್ಲಿ ಶುಕ್ರವಾರವೂ ಹೋದ ಹಾಗೇ ತುಂಬಿಕೊಂಡು ಸ್ಕೂಲಿನಿಂದ ವಾಪಸು ಬಂದಿತ್ತು.

"ಹೊತ್ಕೊಂಡು ಹೋಗಿ ಹೊತ್ಕೊಂಡು ಬರೋಕೆ ಇದೇನು ತೀರ್ಥವೇನೇ?" ಎಂದು ಅಲಮೇಲು ಗದರಿದಳು.

ಹನ್ನೊಂದರ ಹುಡುಗಿ ಪೋಲಿಯೋ ಕಾಲಿನ ಕಬ್ಬಿಣದ ಪಟ್ಟಿ ಬಿಚ್ಚುತ್ತಾ, "ಬಾಯಾರಲಿಲ್ಲ ಕಣಮ್ಮ" ಎಂದಳು. ಒಂದು ವರ್ಷದಿಂದ ಇದೇ ಬೈಗುಳ, ಇದೇ ಉತ್ತರ.

ಮಾರನೆಯ ದಿನ ತಾನು ಮೇಡಂ ಆಗಿದ್ದ ಸ್ಕೂಲಿನಲ್ಲಿ ಅರ್ಧ ದಿನದ ಪಾಠ ಮುಗಿಸಿ ಅಲಮೇಲು ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದಳು. ಸಾವಿರದ ಒಂಬೈನೂರ ತೊಂಬತ್ತೊಂದನೆಯ ಇಸವಿ. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯ ಒಂದು ಊರಲ್ಲಿ ಸಣ್ಣ ಜೈಲು. ಊರಿನ ಹೆಸರು ಬೇಡ ಬಿಡಿ. ಜೈಲಿನ ಸಂಬಳ ತಿನ್ನದ ಹೊರಗಿನವರೊಬ್ಬರು ತಿಂಗಳಿಗೊಮ್ಮೆ ಒಳಗೆ ಹೋಗಿ, ಕೈದಿಗಳನ್ನು ಕಂಡು ಮಾತಾಡಿಸಿ, ಸಂದರ್ಶಕರ ಪುಸ್ತಕದಲ್ಲಿ ಬರೆಯಬೇಕು. ಬರೆದದ್ದು ಜಿಲ್ಲಾ ನ್ಯಾಯಾಧೀಶರ ಕೈಗೆ ಹೋಗುತ್ತದೆ. ಈ ವರ್ಷ ಆ ಕೆಲಸ ಅಲಮೇಲುವಿನ ಪಾಲಿಗೆ ಬಂದಿತ್ತು. ಇದು ಅವಳ ಮೊದಲ ಭೇಟಿ.

ಜೈಲರ್ ಸತ್ಯಮೂರ್ತಿ ಎದ್ದು ನಿಂತು, ಸಂದರ್ಶಕರಿಗೆಂದೇ ಇಟ್ಟಿದ್ದ ಬೆತ್ತದ ಕುರ್ಚಿ ತೋರಿಸಿದ. ಹೆಣಿಗೆ ಜೋತು, ಕೂತವರು ಅರ್ಧ ಒಳಗಿಳಿಯುವಂಥ ಕುರ್ಚಿ. ಕಾಫಿ ಬಂತು. ಹಿಂದೆಯೇ ಪುಸ್ತಕವೂ ಬಂತು. ಅಲಮೇಲು ಹಾಳೆ ತಿರುವಿದಳು. ಐದು ವರ್ಷದಿಂದ ಪ್ರತಿ ಹಾಳೆಯಲ್ಲೂ ಒಂದೇ ಸಾಲು: ಎಲ್ಲವೂ ಸಮರ್ಪಕವಾಗಿದೆ.

"ತಾವೂ ಅಷ್ಟೇ ಬರೆದ್ರೆ ಐದೂವರೆ ಬಸ್ಸು ಸಿಗತ್ತೆ ಮೇಡಂ."

"ಮೊದಲು ಒಳಗೆ ನೋಡ್ಬೇಕು."

"ಒಳಗೇನಿದೆ? ಒಬ್ಬ ಕುಂಟ ಉಪವಾಸ ಮುಷ್ಕರ ಹೂಡಿದ್ದಾನೆ. ಆರು ದಿನ ಆಯ್ತು. ಸೋಮವಾರದ ಟಪಾಲಿಗೆ ವರದಿ ಕಳಿಸ್ತೀನಿ, ದೊಡ್ಡ ಜೈಲಿಗೆ ಒಯ್ತಾರೆ. ಒಂಟಿ ಕೋಣೇಲಿ ಬಿದ್ರೆ ಬುದ್ಧಿ ಬರತ್ತೆ."

ಅಲಮೇಲು ಕಾಫಿಯನ್ನು ಹಾಗೇ ಬಿಟ್ಟು ಎದ್ದಳು. ವಾರ್ಡರ್ ಮುನಿಶಾಮಿ ದಾರಿ ತೋರಿಸಿದ.

ಕೋನಪ್ಪ ಗೋಡೆಗೊರಗಿ ಕೂತಿದ್ದ. ಪೆರೇಸಂದ್ರದ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುತ್ತಿದ್ದವನು. ಕದ್ದ ಟೈರು ಕೊಂಡನೆಂದು ಕೇಸು, ವಿಚಾರಣೆ ಇನ್ನೂ ನಡೆದಿರಲಿಲ್ಲ. ಎರಡು ಕಾಲೂ ಕಡ್ಡಿಯಷ್ಟು ಸಣ್ಣ. ಕೈಯೂರಿಕೊಂಡೇ ಅವನ ಓಡಾಟ.

"ಯಾಕಪ್ಪಾ ಊಟ ಬಿಟ್ಟಿದೀಯ?"

"ಹಸಿವಿಲ್ಲಕ್ಕಾ."

"ದೊಡ್ಡ ಜೈಲಿಗೆ ಕಳಿಸ್ತಾರಂತೆ."

ಅವನು ತಟ್ಟನೆ ತಲೆಯೆತ್ತಿದ. "ಅಷ್ಟು ದೂರ ನಮ್ಮಮ್ಮ ಬರೋಕಾಗಲ್ಲಕ್ಕಾ. ಇಲ್ಲಾದ್ರೆ ಗುರುವಾರ ಗುರುವಾರ ಬರ್ತಾಳೆ." ಅಷ್ಟಾದರೂ ಮುಷ್ಕರದ ಮಾತಿಗೆ ಬಾಯಿ ಬಿಡಲಿಲ್ಲ.

ಅಲಮೇಲುವಿನ ಕಣ್ಣು ಅವನ ಪಕ್ಕದ ನೀರಿನ ಕುಡಿಕೆಯ ಮೇಲೆ ಬಿತ್ತು. ಕಂಠದವರೆಗೂ ತುಂಬಿತ್ತು. ಊಟ ಬಿಟ್ಟು ಹಟ ಹಿಡಿದವನು ನೀರನ್ನೂ ಯಾಕೆ ಬಿಟ್ಟ? ಅವಳಿಗೆ ನಿನ್ನೆಯ ಬಾಟ್ಲಿ ನೆನಪಾಯಿತು.

"ಮುನಿಶಾಮಿ, ನೀವು ಸ್ವಲ್ಪ ಆಚೆ ಇರಿ," ಎಂದು ವಾರ್ಡರನನ್ನು ದೂರ ಕಳಿಸಿ, ನೆಲದ ಮೇಲೆ ಕುಳಿತಳು. "ನನ್ನ ಮಗಳಿಗೂ ಪೋಲಿಯೋ ಕಣಪ್ಪ. ಪಾಯಖಾನೆಗೆ ಹೋಗೋದು ಕಷ್ಟ ಅಂತಾನಾ ನೀನು ತಿನ್ನದೇ ಇರೋದು?"

ಮುನಿಶಾಮಿ ದೂರ ಹೋದನೇ ಎಂದು ಕೋನಪ್ಪ ಕತ್ತು ಚಾಚಿ ನೋಡಿಕೊಂಡ. "ಎಟ್ಲಾ ಹೇಳೋದಕ್ಕಾ ಹೆಂಗಸರ ಮುಂದೆ... ಎರಡು ದಿನ ಒಳಗಿನ ಹುಡುಗ್ರು ಎತ್ತಿಕೊಂಡು ಹೋದ್ರು. ಆಮೇಲೆ ಮೂಗು ಮುಚ್ಕೊಂಡು ನಗಾಡಿದ್ರು. ಕೈಯೂರಿ ಹೋದ್ರೆ ಆ ಗಲೀಜೆಲ್ಲಾ ಕೈಗೆ. ಅದೇ ಕೈಲಿ ಮುದ್ದೆ ಮುರೀಬೇಕು. ನಾಲಿಗೆ ಒಣಗಿದ್ರೆ ಒಂದೆರಡು ಗುಟುಕು ನೀರು, ಅಷ್ಟೇ. ತಿಂದ್ರೆ ತಾನೆ ಹೋಗೋದು?"

ಅಲಮೇಲು ನೇರವಾಗಿ ಅಂಗಳದ ಮೂಲೆಗೆ ನಡೆದಳು. "ಅಯ್ಯೋ, ಅದು ಗಂಡಸರ ಕಕ್ಕಸು ಮೇಡಂ!" ಎಂದು ಮುನಿಶಾಮಿ ಓಡಿಬಂದ. "ಖಾಲಿ ಇದೆ ತಾನೆ?" ಎಂದು ಅವಳು ಸೆರಗು ಮೂಗಿಗೊತ್ತಿಕೊಂಡು ಒಳಹೊಕ್ಕು, ಚೀಲದಿಂದ ಪಾಠದ ಅಡಿಪಟ್ಟಿ ತೆಗೆದು ಅಳೆದಳು. ಮೆಟ್ಟಿಲು ಎರಡು, ಒಂದೊಂದೂ ಹನ್ನೊಂದು ಅಂಗುಲ. ಹಿಡಿದುಕೊಳ್ಳಲು ಏನೂ ಇಲ್ಲ.

ವಾಪಸು ಬಂದು ಪುಸ್ತಕ ಎಳೆದುಕೊಂಡು, ನಿಂತೇ ಬರೆದಳು. ಕೋನಪ್ಪನದು ಮುಷ್ಕರವಲ್ಲ, ಅವನು ಹೋಗಬಲ್ಲ ಶೌಚಾಲಯ ಈ ಜೈಲಿನಲ್ಲಿಲ್ಲ. ಕೆಳಗೆ ಅಳತೆ.

ಸತ್ಯಮೂರ್ತಿಯ ಮುಖ ಕಪ್ಪಿಟ್ಟಿತು. "ಒಬ್ಬನಿಗೋಸ್ಕರ ಸರ್ಕಾರ ಕಕ್ಕಸು ಕಟ್ಟಿಸತ್ತಾ ಮೇಡಂ? ಮಂಜೂರಾತಿಗೇ ವರ್ಷ ಬೇಕು. ಈ ಹಾಳೆ ಬಿಟ್ಟು ಇನ್ನೊಂದರಲ್ಲಿ..."

"ಹಾಳೆಗೆ ನಂಬರಿದೆ. ನಿಮ್ಮ ವರದೀನೂ ಕಳಿಸಿ, ಇದೂ ಹೋಗಲಿ. ನ್ಯಾಯಾಧೀಶರು ಎರಡನ್ನೂ ಓದಲಿ." ಅವಳು ಕೋಣೆಯ ಸುತ್ತ ನೋಡಿದಳು. "ಇವತ್ತಿಗೆ ಮಂಜೂರಾತಿ ಬೇಡ. ಈ ಕುರ್ಚಿಯ ನಡುವಿನ ಬೆತ್ತ ಕೊಯ್ಸಿ."

"ಅದು ಸಂದರ್ಶಕರ ಕುರ್ಚಿ!"

"ಸಂದರ್ಶಕಿ ನಾನೇ ಹೇಳ್ತಿದೀನಿ."

ಮುನಿಶಾಮಿ ಜೈಲರನ ಮುಖ ನೋಡಿದ. ಸತ್ಯಮೂರ್ತಿ ಕಿಟಕಿಯ ಕಡೆ ತಿರುಗಿಕೊಂಡ, ಬೇಡ ಎನ್ನಲಿಲ್ಲ. ಮುನಿಶಾಮಿ ಮಚ್ಚು ತಂದು ಬೆತ್ತ ಕೊಯ್ದ. ಕುರ್ಚಿ ಕಕ್ಕಸಿನ ಗುಂಡಿಯ ಮೇಲೆ ಕೂತಿತು. ಹಳೇ ಬಾಗಿಲೊಂದು ಮೆಟ್ಟಿಲ ಮೇಲೆ ಇಳಿಜಾರಾಯಿತು. ಕಕ್ಕಸು, ಅಂಗಳ ಎರಡನ್ನೂ ತೊಳೆಸಿದರು. ಗೋಡೆಗೆ ಹಗ್ಗ ಬಿಗಿಯುವ ಹೊತ್ತಿಗೆ ಐದೂವರೆ ಬಸ್ಸು ಹೋಗಿಯಾಗಿತ್ತು. ಅಲಮೇಲು ಕದಲಲಿಲ್ಲ. ಸಂಜೆಯ ಊಟದ ಗಂಟೆ ಹೊಡೆದಾಗ ಕೋನಪ್ಪ ಮೊದಲು ಕುಡಿಕೆಯ ನೀರು ಗಟಗಟ ಕುಡಿದ. ಆಮೇಲೆ ಮುದ್ದೆ ಮುರಿದ.

ಬಾಗಿಲವರೆಗೆ ಬಂದ ಸತ್ಯಮೂರ್ತಿ, "ಮುಷ್ಕರದ ವರದಿ ಕಳಿಸಲ್ಲ, ಬಿಡಿ. ಆದ್ರೆ ಮುಂದಿನ ತಿಂಗಳು ತಮ್ಮನ್ನ ಎಲ್ಲಿ ಕೂರಿಸಲಿ?" ಎಂದ.

"ಆ ಹಗ್ಗ ತೆಗೆದು ಕಬ್ಬಿಣದ ಹಿಡಿ ಹಾಕಿಸಿರಿ. ಅದನ್ನ ನೋಡೋಕೆ ಬರ್ತೀನಿ, ಕೂರೋಕಲ್ಲ."

ರಾತ್ರಿಯ ಬಸ್ಸು ಹಿಡಿದು ಅವಳು ಮನೆ ಸೇರಿದಾಗ ಪಂಕಜ ಲೆಕ್ಕ ಬಿಡಿಸುತ್ತಿದ್ದಳು. ಅಲಮೇಲು ಚಪ್ಪಲಿಯನ್ನೂ ಬಿಡದೆ ಕೇಳಿದಳು: "ನಿಮ್ಮ ಸ್ಕೂಲಿನ ಪಾಯಖಾನೆಗೆ ಎಷ್ಟು ಮೆಟ್ಟಿಲಮ್ಮ?"

ಹುಡುಗಿ ತಲೆಯೆತ್ತಲಿಲ್ಲ. ಪೆನ್ಸಿಲು ಮಾತ್ರ ನಿಂತಿತು.

"ಐದು."

ಅಲಮೇಲು ಅಡಿಪಟ್ಟಿಯನ್ನು ತೊಳೆದು ಮತ್ತೆ ಚೀಲಕ್ಕೆ ಹಾಕಿದಳು. "ಸೋಮವಾರ ನಾನೂ ಬರ್ತೀನಿ ನಡಿ."