ಅಂಗಿಯಿಲ್ಲದ ನಿದ್ದೆ

ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವನ ಮಗಳಿಗೆ ಅಪ್ಪನ ಕೆಲಸದ ಅಂಗಿ ಹೊದಿಸದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಎರಡು ವರ್ಷವಾದರೂ ಮಾತು ಬಾರದ್ದಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸೀಸವಿತ್ತು.

“ಅಂಗಿಯ ಧೂಳು ಮಗು ಬಾಯಿಗೆ ಹೋಗಿದೆ,” ಎಂದರು ಡಾಕ್ಟರಮ್ಮ. “ಮಿದುಳು ಬೆಳೆಯೋ ವಯಸ್ಸು. ಯಾವ ಜೀನ್ ಯಾವಾಗ ಕೆಲಸ ಮಾಡ್ಬೇಕು ಅನ್ನೋದನ್ನೇ ಸೀಸ ಏರುಪೇರು ಮಾಡುತ್ತೆ.”

“ಸರಿಹೋಗುತ್ತಾ ಡಾಕ್ಟ್ರೇ?” ಎಂದು ಅಪ್ಪ ಕೇಳಿದ.

“ಆಗಿದ್ದು ಪೂರ್ತಿ ಸರಿಹೋಗೋದು ಕಷ್ಟ. ಇನ್ನಷ್ಟು ಸೀಸ ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ.”

ಅಂದಿನಿಂದ ಅವನು ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಅಂಗಿಯನ್ನು ಅಲ್ಲೇ ಬಿಟ್ಟು ಬರತೊಡಗಿದ. ಮೊದಲ ದಿನ ಅವನ ಎದೆ ಮೂಸಿದ ಮಗಳು ಹಳೆಯ ವಾಸನೆ ಸಿಗದೆ ಮುಖ ತಿರುಗಿಸಿಕೊಂಡು ಅತ್ತಳು.

“ನಿಮ್ಮಪ್ಪನೇ ಕಣೇ, ತೊಳೆದ ಮೇಲೆ ಇಷ್ಟೇ ಇರೋದು,” ಎಂದಳು ಹೆಂಡತಿ.

ಅವನು ಮೆಲ್ಲಗೆ ದೇವರ ಹೆಸರು ಹೇಳುತ್ತ, ಮಗಳು ನಿದ್ದೆ ಹೋಗುವವರೆಗೂ ಬರಿಯ ತೋಳಲ್ಲೇ ತೂಗಿದ.