ಚಾದರದ ಮೇಲೊಂದು ಕರಣೆ

ನನ್ನ ಮಗಳು ಮಿಸ್ಬಾ ನೀರು ಕುಡಿಯುವುದನ್ನು ಬಿಟ್ಟು ಎಷ್ಟು ದಿನವಾಗಿತ್ತೋ, ನನಗೆ ಗೊತ್ತಾದದ್ದು ಅವಳಿಗೆ ಜ್ವರ ಬಂದ ಮೇಲೆ. ಬೆಳಿಗ್ಗೆ ತುಂಬಿಸಿ ಕಳಿಸಿದ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ಹೊಲಿಗೆ ಮಿಷನ್ನಿಂದ ಎದ್ದು ಬಂದು ನಾನೇ ಆ ನೀರನ್ನು ಕರಿಬೇವಿನ ಕುಂಡಕ್ಕೆ ಸುರಿದು ಬಾಟಲಿ ತೊಳೆದಿಡುತ್ತಿದ್ದೆ. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಈಗ ನೆನೆಸಿಕೊಂಡರೆ ಮೊದಲ ಸಿಟ್ಟು ನನ್ನ ಮೇಲೆಯೇ ಬರುತ್ತದೆ.

ಆರ್.ಟಿ. ನಗರದ ಕ್ಲಿನಿಕ್ಕಿನ ಡಾಕ್ಟರಮ್ಮ ಚೀಟಿ ಬರೆಯುತ್ತಾ ಹೇಳಿದರು. "ಮೂತ್ರದ ಇನ್‌ಫೆಕ್ಷನ್ ಕಣಮ್ಮಾ. ಹನ್ನೆರಡು ವರ್ಷದ ಹುಡುಗಿ, ಬೆಳಿಗ್ಗೆಯಿಂದ ಸಂಜೆವರೆಗೂ ತಡ್ಕೊಂಡು ಕೂತಿರ್ತಾಳಂತೆ. ಯಾಕೆ ಅಂತ ನೀವೇ ಕೇಳಿ."

ಆಟೋದಲ್ಲಿ ಕೇಳಿದೆ. ಮಿಸ್ಬಾ ಹೊರಗೆ ನೋಡುತ್ತಾ ಹೇಳಿದಳು. "ಸ್ಕೂಲ್ ಬಾತ್‌ರೂಮಿಗೆ ಬಾಗಿಲಿಲ್ಲ ಅಮ್ಮಿ. ಇಬ್ರು ದುಪಟ್ಟಾ ಹಿಡ್ಕೊಂಡು ನಿಲ್ತಾರೆ, ಒಬ್ಬಳು ಒಳಗೆ ಹೋಗ್ತಾಳೆ. ಹುಡುಗ್ರು ಕಾಂಪೌಂಡ್ ಮೇಲೆ ಹತ್ತಿ ಕೂತಿರ್ತಾರೆ. ನೀರು ಕುಡಿದ್ರೆ ತಾನೇ ಹೋಗ್ಬೇಕು?"

ಮಾರನೆಯ ದಿನವೇ ಶಾಲೆಗೆ ಹೋದೆ. ನಮ್ಮ ಗಲ್ಲಿ ಹೆಬ್ಬಾಳದ ಫ್ಲೈಓವರಿನಿಂದ ಒಂದಿಷ್ಟು ಒಳಗಿದೆ. ಗಲ್ಲಿಯ ಈ ತುದಿಗೆ ಮಸೀದಿ, ಆ ತುದಿಗೆ ಸರ್ಕಾರಿ ಶಾಲೆ. ಹೆಡ್ ಮಿಸ್ಸು ಸಂಯುಕ್ತಾ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬಾಗಿಲಿದ್ದ ಜಾಗದಲ್ಲಿ ತುಕ್ಕು ಹಿಡಿದ ಎರಡು ಕೀಲು. ಬೇಸಿನ್ ಎರಡು ಹೋಳು. ನಲ್ಲಿಯ ಪೈಪು ಗೋಡೆಯಿಂದ ಹೊರಬಂದು ನೇತಾಡುತ್ತಿತ್ತು.

"ಮೂರು ವರ್ಷದಿಂದ ಬರೀತಿದೀನಿ ಜಬೀನಾ," ಅಂದರು. "ಲೆಟರ್ ಮೇಲೆ ಲೆಟರ್. ನೋಡ್ತೀವಿ ಅಂತಾರೆ. ನೋಡೋಕೆ ಯಾರೂ ಬರಲ್ಲ."

ಸರ್ಕಾರದ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮನೆ ಕಡೆ ನಡೆದು ಬರುವಾಗ ಅದಕ್ಕಿಂತ ದೊಡ್ಡ ಸಿಟ್ಟು ನಮ್ಮವರ ಮೇಲೆಯೇ ಬಂತು. ನಮ್ಮ ಗಲ್ಲಿಯಲ್ಲಿ ಯಾರಿದ್ದಾರೆ ಅಂತೀರಿ? ಮೊದಲ ಮನೆ ಪ್ಲಂಬರು. ಎದುರು ಮನೆ ವೆಲ್ಡರು, ನನ್ನ ಸ್ವಂತ ತಮ್ಮ ಸಾಕಿಬ್. ಮೂಲೆಯಲ್ಲಿ ಗಾರೆ ಮೇಸ್ತ್ರಿ ಬುಡನ್ ಚಾಚಾ. ಬಡಗಿಗಳು, ಪೇಂಟರುಗಳು, ವೈರಿಂಗ್ ಮಾಡುವವರು. ನನ್ನ ಗಂಡ ಜಿಲಾನಿ ಟೈಲ್ಸ್ ಮೇಸ್ತ್ರಿ, ಯಲಹಂಕದ ಕಡೆ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಹಾಕುತ್ತಾರೆ. "ಒಂದು ಮನೇಲಿ ನಾಯಿಗೆ ಸ್ನಾನ ಮಾಡ್ಸೋಕೇ ಬೇರೆ ರೂಮು ಕಣೇ, ಅದಕ್ಕೂ ನಾನೇ ಟೈಲ್ಸ್ ಹಾಕಿದ್ದು," ಅಂತ ಹೋದ ತಿಂಗಳು ನಗುತ್ತಾ ಹೇಳಿದ್ದರು. ಯಾರದೋ ಮನೆಯ ನಾಯಿಗೆ ಬಾಗಿಲು, ಚಿಲಕ, ಬಿಸಿನೀರು. ನನ್ನ ಮಗಳಿಗೆ ಇಬ್ಬರು ಹುಡುಗಿಯರು ಹಿಡಿದ ದುಪಟ್ಟಾ.

ಅದೇ ಭಾನುವಾರ ನಮ್ಮ ಮಸೀದಿ ಕಮಿಟಿಯವರ ತಾಲೀಮ್ ಜಲ್ಸಾ. ತಾಲೀಮ್ ಅಂದರೆ ವಿದ್ಯೆ, ಜಲ್ಸಾ ಅಂದರೆ ಸಭೆ. ಗಲ್ಲಿ ಪೂರ್ತಿ ಶಾಮಿಯಾನ ಹಾಕಿದ್ದರು. ಒಂಬತ್ತು ಜನರ ಮುಖವಿದ್ದ ಫ್ಲೆಕ್ಸನ್ನು ಅದೇ ಶಾಲೆಯ ಕಾಂಪೌಂಡಿಗೆ ಕಟ್ಟಿದ್ದರು. ನಡುವೆ ಎಲ್ಲರಿಗಿಂತ ದೊಡ್ಡದಾಗಿ ಸೆಕ್ರೆಟರಿ ಖಲಂದರ್ ಸಾಹೇಬರು, ಕೈ ಎತ್ತಿ ಸಲಾಮ್ ಮಾಡುತ್ತಾ. ಹೆಂಗಸರಾದ ನಾವು ಪಕ್ಕದ ತಾರಸಿಯ ಮೇಲೆ ಪರದೆಯ ಹಿಂದೆ ಕೂತೆವು. ದೂರದಿಂದ ಬಂದವರೊಬ್ಬರು ಒಂದೂವರೆ ಗಂಟೆ ಮಾತಾಡಿದರು. ಹೆಣ್ಣುಮಕ್ಕಳನ್ನು ಓದಿಸದ ಕೌಮು, ಅಂದರೆ ಸಮುದಾಯ, ಕುರುಡು ಕೌಮು ಅಂದರು. ಕೆಳಗಿದ್ದ ಗಂಡಸರು ಸುಭಾನಲ್ಲಾ ಅಂದರು. ಯಾರ ಮಾತು ಕೇಳಿ ಸುಭಾನಲ್ಲಾ ಅನ್ನುತ್ತಿದ್ದರೋ, ಅವರ ಬೆನ್ನ ಹಿಂದೆ ಇಪ್ಪತ್ತೇ ಅಡಿ ದೂರದಲ್ಲಿತ್ತು ಆ ಬಾಗಿಲಿಲ್ಲದ ಗೂಡು.

ನಾನು ಚೀಟಿ ಬರೆದು ಕೆಳಗೆ ಕಳಿಸಿದೆ. ಶಾಲೆಯ ಹೆಣ್ಣುಮಕ್ಕಳ ಬಾತ್‌ರೂಮಿಗೆ ಬಾಗಿಲು ಬೇಕು, ಅಷ್ಟೇ ಬರೆದಿದ್ದೆ. ಖಲಂದರ್ ಸಾಹೇಬರು ಓದಿ ಜೇಬಿಗಿಟ್ಟುಕೊಂಡು ಮೈಕಿನಲ್ಲಿ ಹೇಳಿದರು. "ಸಹೋದರಿಯರಿಂದ ಒಂದು ಒಳ್ಳೆ ಸಲಹೆ ಬಂದಿದೆ. ಮುಂದಿನ ಮೀಟಿಂಗಲ್ಲಿ ಇನ್ಶಾ ಅಲ್ಲಾ ಅದರ ಬಗ್ಗೆ ಮಾತಾಡೋಣ." ಆಮೇಲೆ ಬಿರಿಯಾನಿ.

ಮಾತಾಡೋಣ. ಆ ಮಾತು ಕೇಳಿದ ಮೇಲೆ ನನಗೆ ಬಿರಿಯಾನಿ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಮುನಿಗಂಗಮ್ಮ ಸಿಕ್ಕರು. ಬಿಸಿಯೂಟ ಮಾಡುವವರು. ಇಲ್ಲೆಲ್ಲ ರಾಗಿ ಹೊಲವಿದ್ದಾಗಿನಿಂದ ಇರುವ ಮನೆತನದವರು. ಅವರ ಮೊಮ್ಮಗಳು ಮಿಸ್ಬಾ ಪಕ್ಕದಲ್ಲೇ ಕೂರುತ್ತಾಳೆ.

"ಅಲ್ಲ ಕಣಮ್ಮಿ, ಅಷ್ಟೊತ್ತು ಮೈಕ್ ಇಡ್ಕಂಡು ಏನೇಳಿದ್ರು ನಿಮ್ಮೋರು?"

"ಹೆಣ್ಣುಮಕ್ಕಳನ್ನ ಓದಿಸಿ ಅಂತ."

"ಓದ್ಸೋದು ಇರ್ಲಿ. ಮೊದ್ಲು ಉಚ್ಚೆ ಉಯ್ಯಾಕೆ ಒಂದು ಮರೆ ಮಾಡ್ಕೊಡಿ ಅನ್ನು. ನಮ್ಮೋರೇನು ಕಮ್ಮಿ ಇಲ್ಲ ಬುಡು, ಅವ್ರೂ ಮೈಕ್ ಇಡ್ದವ್ರೇ." ಹೀಗೆ ಹೇಳಿದವರು ಕಾಂಪೌಂಡಿನ ಕಡೆ ಕತ್ತೆತ್ತಿದರು. "ಅದೇನು, ಆ ಪಟ ಇನ್ನೂ ಅಲ್ಲೇ ಐತಲ್ಲ. ಗಟ್ಟಿ ಬಟ್ಟೆ."

ನಾನು ಮನೆಗೆ ಹೋಗಿ ಹೊಲಿಗೆ ಕತ್ತರಿ ತಂದೆ. ಫ್ಲೆಕ್ಸಿನ ಮೇಲ್ಭಾಗದಲ್ಲಿ ಬಿಸ್ಮಿಲ್ಲಾ ಬರೆದಿದ್ದ ಪಟ್ಟಿಯನ್ನು ನೀಟಾಗಿ ಕತ್ತರಿಸಿ, ಮಡಿಸಿ, ಮನೆಯ ಎತ್ತರದ ಶೆಲ್ಫಿನಲ್ಲಿ ಇಟ್ಟೆ. ಉಳಿದದ್ದು ಬರೀ ಮುಖಗಳು. ಅದನ್ನು ನಾನೂ ಮುನಿಗಂಗಮ್ಮನೂ ಸೇರಿ ಬಾಗಿಲಿದ್ದ ಜಾಗಕ್ಕೆ ಕಟ್ಟಿದೆವು. ಮೂರು ದಿನ ಹುಡುಗಿಯರು ಖಲಂದರ್ ಸಾಹೇಬರ ಮರೆಯಲ್ಲಿ ಹೋಗಿ ಬಂದರು. ಗಾಳಿಗೆ ಹಾರಿದರೆ ಸಾಹೇಬರ ಕೈಯನ್ನು ಹಿಡಿದುಕೊಂಡು ನಿಲ್ಲಬೇಕಿತ್ತು, ಅಷ್ಟೇ.

ಬುಧವಾರ ಸಂಜೆ ಅವರು ನಮ್ಮ ಮನೆ ಬಾಗಿಲಿಗೆ ಬಂದರು. ಹಿಂದೆ ನಾಲ್ಕು ಜನ. ಕಂಕುಳಲ್ಲಿ ಸುತ್ತಿದ ಫ್ಲೆಕ್ಸು.

"ನನ್ನ ಮುಖ ತಗೊಂಡು ಹೋಗಿ ಕಕ್ಕಸಿಗೆ ಕಟ್ಟಿದೀಯಲ್ಲಮ್ಮಾ. ಅದಬ್ ಅನ್ನೋದು ಒಂದಿದೆ, ಮರ್ಯಾದೆ ಅನ್ನೋದು ಒಂದಿದೆ."

"ಬಿಸ್ಮಿಲ್ಲಾ ಇದ್ದ ಪಟ್ಟಿ ಕತ್ತರಿಸಿ ಮೇಲೆ ಎತ್ತಿಟ್ಟಿದೀನಿ ಸಾಹೇಬ್ರೇ, ಬೇಕಾದ್ರೆ ನೋಡಿ. ಉಳಿದಿದ್ದು ನೀವು. ಮೂರು ವರ್ಷದಲ್ಲಿ ಆ ಮಕ್ಕಳ ಕೆಲ್ಸಕ್ಕೆ ಬಂದಿದ್ದು ಅದೊಂದೇ."

"ಅದು ಸರ್ಕಾರದ ಕೆಲಸ. ನಾವು ಮನವಿ ಕೊಟ್ಟಿದೀವಿ. ಫೋಟೋನೂ ಇದೆ."

"ಫೋಟೋ ಇದ್ದೇ ಇರುತ್ತೆ. ಬಾಗಿಲಿಲ್ಲ."

ಅಷ್ಟರಲ್ಲಿ ಜಿಲಾನಿ ಕೆಲಸದಿಂದ ಬಂದರು. ಹೆಗಲ ಮೇಲಿನ ಸಾಮಾನಿನ ಚೀಲ ಇಳಿಸದೆ ಎಲ್ಲ ಕೇಳಿಸಿಕೊಂಡರು. ಸಾಹೇಬರು ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದರು.

"ಗಲ್ಲಿ ಮುಂದೆ ನನ್ನ ಮಾನ ಕಳೆದೆ. ಸೋಮವಾರ ಟಿ.ಸಿ. ತರ್ತೀನಿ. ಏಳನೇ ಕ್ಲಾಸ್‌ವರೆಗೆ ಓದಿದ್ದು ಸಾಕು, ಮನೇಲಿರ್ಲಿ. ಮನೇಲಿ ಬಾತ್‌ರೂಮ್ ಇದೆಯಲ್ಲ."

ಮಿಸ್ಬಾ ಒಳಗೆ ಹೋಗಿ ಪುಸ್ತಕಗಳಿಗೆ ಹಾಕಿದ್ದ ಕಂದು ಕಾಗದದ ಬೈಂಡನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ಯಾಕೆ ಬಿಚ್ತಿದೀಯಾ?"

"ವಾಪಸ್ ಕೊಡ್ಬೇಕಲ್ಲ ಅಮ್ಮಿ. ಇದ್ರ ಮೇಲೆ ನನ್ನ ಹೆಸರಿದೆ."

ಬೇರೆ ಮಕ್ಕಳಾದರೆ ಅಳುತ್ತಿದ್ದರು, ಹಟ ಮಾಡುತ್ತಿದ್ದರು. ಇವಳು ಕಾಗದವನ್ನು ಮಡಿಕೆ ಬೀಳದಂತೆ ಜೋಡಿಸಿಡುತ್ತಿದ್ದಳು. ಆಗಲೇ ನಾನು ಶುಕ್ರವಾರದ ಬಗ್ಗೆ ಯೋಚಿಸಿದ್ದು.

ಜುಮ್ಮಾ ನಮಾಜ್ ಮುಗಿದ ಮೇಲೆ ನಮ್ಮ ಮಸೀದಿಯ ಗೇಟಿನಲ್ಲಿ ಇಬ್ಬರು ಚಾದರದ ತುದಿ ಹಿಡಿದು ನಿಲ್ಲುತ್ತಾರೆ. ಹೊರಗೆ ಬರುವವರು ಚಪ್ಪಲಿ ಹುಡುಕುತ್ತಲೇ ಹತ್ತೋ ಇಪ್ಪತ್ತೋ ಅದರೊಳಗೆ ಹಾಕುತ್ತಾರೆ. ಯಾವುದಕ್ಕೆ ಅಂತ ಕೇಳುವವರು ಕಡಿಮೆ. ನೋಟು ಬಿತ್ತು, ಮನಸ್ಸು ಹಗುರಾಯಿತು, ಮನೆಗೆ ನಡೆ. ಇನ್ನೊಂದು ವಿಷಯ. ಶುಕ್ರವಾರ ನಮ್ಮ ಗಂಡಸರು ಕೆಲಸದ ಜಾಗದಿಂದ ನೇರವಾಗಿ ಬರುತ್ತಾರೆ. ಸೈಟಿನಲ್ಲಿ ಬಿಟ್ಟರೆ ಕಳುವಾಗುತ್ತದೆ ಅಂತ ಸಾಮಾನಿನ ಚೀಲ ಜೊತೆಯಲ್ಲೇ ಇರುತ್ತದೆ.

ಆ ಶುಕ್ರವಾರ ಅವರ ಚಾದರದಿಂದ ನಾಲ್ಕು ಹೆಜ್ಜೆ ಆಚೆ, ರಸ್ತೆಯ ಮೇಲೆ, ನಾನು ನನ್ನ ಮನೆಯ ಹಾಸಿಗೆ ಚಾದರ ಬಿಡಿಸಿ ಹಿಡಿದೆ. ಇನ್ನೊಂದು ತುದಿ ಹಿಡಿದವರು ಮುನಿಗಂಗಮ್ಮ. ಹೆಂಗಸರು ಆ ಹೊತ್ತಿನಲ್ಲಿ ಅಲ್ಲಿ ನಿಲ್ಲುವುದಿಲ್ಲ. ಬಂದವರೆಲ್ಲ ಕಣ್ಣು ತಗ್ಗಿಸಿ ಅಭ್ಯಾಸಬಲದಿಂದ ನೋಟು ಹಾಕಿದರು. ನಾನು ಆರಿಸಿ ವಾಪಸ್ ಕೊಟ್ಟೆ.

"ದುಡ್ಡು ಬೇಡ ಭಾಯ್. ನಿಮ್ಮ ಚೀಲದಲ್ಲಿರೋ ಸಾಮಾನು ಒಂದು ಹಾಕಿ."

"ಸಾಮಾನಾ? ಯಾಕೆ?"

"ಒತ್ತೆ. ಸ್ಕೂಲಲ್ಲಿ ಇಟ್ಟಿರ್ತೀನಿ. ಬಾತ್‌ರೂಮ್ ಕೆಲಸ ಮಾಡಿ, ಬಿಡಿಸ್ಕೊಂಡು ಹೋಗಿ."

ಮೊದಲು ನಕ್ಕರು. ಆಮೇಲೆ ಬೈದರು. ಒಬ್ಬ "ಹುಚ್ಚು ಹಿಡಿದಿದೆ" ಅಂದ. ನಾನು ಸಾಕಿಬನ ದಾರಿಗೆ ಅಡ್ಡ ನಿಂತೆ.

"ಆಪಾ, ನಾಳೆ ಯಶವಂತಪುರದಲ್ಲಿ ಗ್ರಿಲ್ ಕೆಲಸ ಇದೆ. ವೆಲ್ಡಿಂಗ್ ಹೋಲ್ಡರ್ ಇಲ್ಲದೆ ಏನ್ಮಾಡ್ಲಿ?"

"ಅದಕ್ಕೇ ಕೇಳ್ತಿರೋದು. ನೀನು ಸುಮ್ನೆ ಬರ್ತೀನಿ ಅಂದ್ರೆ ಬರಲ್ಲ ಕಣೋ. ಈ ಗಲ್ಲಿ ಗಂಡಸ್ರು ಬರ್ತೀನಿ ಅಂದಿದ್ದೆಲ್ಲ ಬಂದಿದ್ರೆ ನಮಗೆ ಇಷ್ಟೊತ್ತಿಗೆ ಕಾಲೇಜೇ ಇರ್ತಿತ್ತು."

ಬುಡನ್ ಚಾಚಾ ಒಂದು ಕಡೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಕರಣೆ ನಲವತ್ತು ವರ್ಷ ಗಾರೆ ಬಳಿದು ಬಳಿದು ಒಂದು ಬದಿ ಸವೆದು ಎಲೆಯಂತಾಗಿದೆ. ಅದನ್ನು ಅವರು ಮಗನಿಗೂ ಮುಟ್ಟಗೊಡುವುದಿಲ್ಲ. ಚೀಲದಿಂದ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಚಾದರದ ನಡುವೆ ಇಟ್ಟರು. "ನನ್ನ ಮೊಮ್ಮಗಳೂ ಅಲ್ಲೇ ಐದನೇ ಕ್ಲಾಸು," ಅಂದರು. "ಅವಳು ನನಗೆ ಹೇಳಲೇ ಇಲ್ಲ ನೋಡು."

ಆಮೇಲೆ ಪೈಪ್ ರೆಂಚು ಬಿತ್ತು. ಉಳಿ ಬಿತ್ತು, ಟೆಸ್ಟರು ಬಿತ್ತು. ಸಾಕಿಬ್ ನನ್ನನ್ನು ಗುರಾಯಿಸುತ್ತಲೇ ಹೋಲ್ಡರ್ ಹಾಕಿದ. ಭಾರಕ್ಕೆ ಚಾದರ ಜಗ್ಗಿ ಮುನಿಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಖಲಂದರ್ ಸಾಹೇಬರು ಹೊರಗೆ ಬಂದು ಧ್ವನಿ ತಗ್ಗಿಸಿ ಹೇಳಿದರು. "ಜಬೀನಾ, ಇದೆಲ್ಲ ಬೀದೀಲಿ ಚೆನ್ನಾಗಿರಲ್ಲ. ನಾನೇನು ಬೇಡ ಅಂದೆನಾ? ನನ್ನ ಹತ್ರ ಹಾಕೋಕೆ ಯಾವ ಸಾಮಾನಿದೆ ಹೇಳು."

"ಮೈಕ್ ಆಕಿ ಸಾಬ್ರೇ," ಅಂದರು ಮುನಿಗಂಗಮ್ಮ.

ಗುಂಪು ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಹೊತ್ತಿಗೇ ಜಿಲಾನಿ ಹೊರಗೆ ಬಂದಿದ್ದರು. ಹೆಗಲ ಮೇಲೆ ಚೀಲ. ಚಾದರವನ್ನು ನೋಡಿದರು, ನನ್ನನ್ನು ನೋಡಿದರು, ಗುರುತಿಲ್ಲದವರ ಹಾಗೆ ದಾಟಿ ಹೋದರು.

ಮೂರು ಗಂಟೆಗೆ ಹನ್ನೊಂದು ಜನ ಶಾಲೆಗೆ ಬಂದರು. ಪ್ರೀತಿಯಿಂದ ಬಂದರು ಅಂತ ಯಾರೂ ತಿಳಿಯಬೇಡಿ. ಸಾಮಾನಿಲ್ಲದೆ ನಾಳೆಯ ಕೂಲಿ ಹೋಗುತ್ತದೆ ಅಂತ ಬೈಯುತ್ತಲೇ ಬಂದರು. ನಾನೂ ಬೈಯುತ್ತಲೇ ಹಿತ್ತಲಿಗೆ ಕರೆದುಕೊಂಡು ಹೋದೆ. ಸಾಕಿಬ್ ತುಕ್ಕು ಹಿಡಿದ ಕೀಲನ್ನು ಬೆರಳಿನಿಂದ ಅಲ್ಲಾಡಿಸಿದ. "ಅರೆ, ಇದು ಅರ್ಧ ಗಂಟೆ ಕೆಲಸ," ಅಂದ.

"ಗೊತ್ತು," ಅಂದೆ. "ಅದಕ್ಕೇ ನನಗೆ ಇಷ್ಟು ಸಿಟ್ಟು."

ಪರ್ಮಿಶನ್ ವಿಷಯ ಬಂದಾಗ ಸಂಯುಕ್ತಾ ಮಿಸ್ಸು ಹೇಳಿದರು. "ಕೇಳಿದ್ರೆ ಇನ್ನು ಮೂರು ವರ್ಷ. ನಾನು ಒಳಗೆ ಕೂತು ನೋಟ್ಸ್ ತಿದ್ತಿರ್ತೀನಿ. ನನಗೇನೂ ಕಾಣಿಸ್ತಿಲ್ಲ."

ಮಿಕ್ಕಿದ ಟೈಲ್ಸು, ತುಂಡು ಪೈಪು, ಅರ್ಧ ಡಬ್ಬಿ ಬಣ್ಣ, ಇವು ನಮ್ಮ ಗಲ್ಲಿಯ ಪ್ರತಿ ಮನೆಯ ಮಂಚದ ಕೆಳಗೂ ಇರುತ್ತವೆ. ಎಲ್ಲ ಹೊರಬಂದವು. ಶುಕ್ರವಾರ ಸಂಜೆ, ಶನಿವಾರ ಮಧ್ಯಾಹ್ನದ ಮೇಲೆ, ಭಾನುವಾರ ಬೆಳಿಗ್ಗೆ. ಕಬ್ಬಿಣದ ತಗಡಿನ ಬಾಗಿಲು ನಿಂತಿತು. ನಲ್ಲಿಯಲ್ಲಿ ನೀರು ಬಂತು. ನೆಲಕ್ಕೆ ಟೈಲ್ಸ್ ಹಾಕುವವರಿಲ್ಲದೆ ಸಾಕಿಬನೇ ಹಾಕಿದ.

ಭಾನುವಾರ ಹತ್ತು ಗಂಟೆಗೆ ಜಿಲಾನಿ ಬಂದರು. "ಮನೆಗೆ ನಡಿ, ಸಾಕು ಇನ್ನು," ಅಂದವರು ನೆಲ ನೋಡಿ ನಿಂತುಬಿಟ್ಟರು.

"ಇದನ್ನ ಯಾರು ಹಾಕಿದ್ದು?"

"ನಾನೇ ಭಾಯ್," ಅಂದ ಸಾಕಿಬ್.

ಜಿಲಾನಿ ಒಂದು ಮಗ್ಗು ನೀರು ತೆಗೆದು ಸುರಿದರು. ನೀರು ಮೋರಿಯ ಕಡೆ ಹೋಗುವ ಬದಲು ಸೀದಾ ಬಾಗಿಲಿಗೆ ಹರಿದು ಬಂದು ಅವರ ಚಪ್ಪಲಿ ನೆನೆಸಿತು.

"ಇಳಿಜಾರು ಯಾವ ಕಡೆ ಕೊಟ್ಟಿದೀಯೋ? ಮಕ್ಕಳು ಜಾರಿ ಬೀಳ್ತಾರೆ. ಕೀಳು ಇದನ್ನ. ನೀನು ಕೀಳಬೇಡ, ಒಡೆದು ಹಾಕ್ತೀಯಾ. ಸರಿ ಆ ಕಡೆ."

ಚೀಲ ಇಳಿಸಿದರು. ಪ್ಯಾಂಟು ಮಡಿಸಿ ಮಂಡಿಯೂರಿದರು. ಸಂಜೆಯವರೆಗೆ ನಾನು ಸಿಮೆಂಟು ಕಲಸಿ ಕೊಟ್ಟೆ, ಅವರು ತಲೆ ಎತ್ತದೆ ತೆಗೆದುಕೊಂಡರು.

ನಾಲ್ಕು ಗಂಟೆಗೆ ಖಲಂದರ್ ಸಾಹೇಬರು ಬಂದರು, ಕಂಕುಳಲ್ಲಿ ಹೊಸ ಫ್ಲೆಕ್ಸು. ಸಣ್ಣದೊಂದು ಉದ್ಘಾಟನೆ ಇಟ್ಟುಕೊಳ್ಳೋಣ, ಎರಡು ಮಾತಾಡೋಣ ಅಂದರು.

ಮುನಿಗಂಗಮ್ಮ ಹೊರಗೆ ಅಂಗಳ ಗುಡಿಸುತ್ತಿದ್ದ ಪೊರಕೆ ನಿಲ್ಲಿಸಿದರು. "ಈ ಸಲ ಬಾಗ್ಲು ಐತೆ ಸಾಬ್ರೇ. ನಿಮ್ ಪಟ ಬ್ಯಾಡ."

ಸೋಮವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಾ ಕಿವಿಯನ್ನೆಲ್ಲ ಹೊರಗೇ ಇಟ್ಟುಕೊಂಡಿದ್ದೆ. ಟಿ.ಸಿ. ತರುತ್ತೇನೆ ಎಂದಿದ್ದ ದಿನ. ಮಿಸ್ಬಾ ಯೂನಿಫಾರ್ಮ್ ಹಾಕಿಕೊಂಡು, ಬೈಂಡಿಲ್ಲದ ಪುಸ್ತಕಗಳ ಚೀಲ ಹಿಡಿದು, ಹೋಗಲೋ ಬೇಡವೋ ಅಂತ ಹೊಸ್ತಿಲಲ್ಲಿ ನಿಂತಿದ್ದಳು. ಜಿಲಾನಿ ಚಹಾ ಮುಗಿಸಿ ಲೋಟ ಕೆಳಗಿಟ್ಟರು.

"ಬಲಗಡೆ ಮೂಲೆ ಟೈಲ್ಸ್ ಇನ್ನೂ ಹಸಿ ಇದೆ. ನಾಳೆವರೆಗೆ ತುಳೀಬೇಡಿ ಅಂತ ಎಲ್ಲ ಹುಡುಗೀರಿಗೂ ಹೇಳು," ಅಂದರು ಮಗಳಿಗೆ.

ಅವಳು ಓಡಿದಳು. ಬಾಟಲಿ ಮರೆತು ಓಡಿದಳು. ನಾನೇ ತುಂಬಿಸಿ, ಹಿಂದೆ ಓಡಿ, ಗಲ್ಲಿಯ ತಿರುವಿನಲ್ಲಿ ಕೈಗೆ ಕೊಟ್ಟೆ. ಅಲ್ಲೇ ನಿಂತು ಅರ್ಧ ಕುಡಿದಳು.

ವಾಪಸ್ ಬಂದಾಗ ಜಿಲಾನಿ ಚೀಲ ಹೆಗಲಿಗೇರಿಸುತ್ತಿದ್ದರು. "ಇನ್ನೂ ಸಿಟ್ಟಾ?" ಅಂದರು.

"ಎರಡೂವರೆ ದಿನದ ಕೆಲಸ," ಅಂದೆ. "ಮೂರು ವರ್ಷ."

ಅವರು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದರು. ನಾನು ಚಾದರವನ್ನು ನೀರಿಗೆ ಹಾಕಿ ಉಜ್ಜಿದೆ. ಗ್ರೀಸಿನ ಕಲೆ ಹೋಗಲಿಲ್ಲ. ಇರಲಿ ಅಂತ ಹಾಗೇ ಒಣಗಲು ಹಾಕಿದೆ, ಗಲ್ಲಿಗೆಲ್ಲ ಕಾಣುವ ಹಾಗೆ.